ತಿರುಗಿ ಬಂದವಳ ಹಿಮ್ಮಡಿ: ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ

ಕೆಲಸ ಕೊಡಿಸುತ್ತೇವೆ ಅಂತ ಕರೆದೊಯ್ದು ಮಾರಿಬಿಟ್ಟ, ಆಮೇಲೆ ತಿರುಗಿ ಬಂದ ಒಬ್ಬ ಹುಡುಗಿಯ ಕಥೆ ಇದು. ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಇಂಥ ಪ್ರಕರಣಗಳಲ್ಲಿ ಗುರುತು ಬಿಟ್ಟುಕೊಡುವುದು ಅಪರಾಧ ಅಂತ ಕಾನೂನೇ ಹೇಳುತ್ತದೆ. ಜಮಖಂಡಿ ಕಡೆಯ, ಕೃಷ್ಣೆ ದಂಡೆಯ ಒಂದು ಹಳ್ಳಿ ಅಂದರೆ ಸಾಕು. ನಾನು ಅವಳಿಗೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಬರೆದು ಮುಗಿಸಿದ ಮೇಲೆ ಹಾಳೆಗಳನ್ನು ಅವಳ ಕೈಗೆ ಕೊಟ್ಟೆ. ಎರಡು ಕಡೆ ತಿದ್ದಿಸಿದಳು. ನಾನು ‘ಸಂತ್ರಸ್ತೆ’ ಅಂತ ಬರೆದಲ್ಲೆಲ್ಲ ಗೀಟು ಎಳೆದು ‘ಹುಡುಗಿ’ ಅಂತ ಮಾಡಿದಳು. ಇನ್ನೊಂದು ಕಡೆ, ಅವಳ ತಾಯಿಯ ಬಗ್ಗೆ ನಾನು ಸ್ವಲ್ಪ ಬಿರುಸಾಗಿ ಬರೆದಿದ್ದೆ. ಅದನ್ನು ತೆಗೆಸಿದಳು.

ಮನೆ ಬಿದ್ದ ವರ್ಷ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದ್ದು ನಮ್ಮ ಕಡೆಯವರಿಗೆ ಈಗಲೂ ಕಣ್ಣ ಮುಂದಿದೆ. ಅವರ ಮನೆಯ ಮಣ್ಣಿನ ಗೋಡೆ ಆರು ದಿನ ನೀರಲ್ಲಿ ನಿಂತು, ಏಳನೇ ದಿನ ಬಿಸಿಲು ಬಿದ್ದಾಗ ಕುಸಿಯಿತು. ಅಪ್ಪ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದ. ಮನೆ ಎಬ್ಬಿಸಲು ಕೈಗಡ, ಕೈಗಡ ತೀರಿಸಲು ಸಂಘದ ಸಾಲ. ವಾರಕ್ಕೊಮ್ಮೆ ಕಂತು. ಮುಂದಿನ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಪಿಯುಸಿ ಮೊದಲ ವರ್ಷದಲ್ಲಿದ್ದ ಹುಡುಗಿಯ ಓದು ಅಲ್ಲಿಗೇ ನಿಂತಿತು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಅದು ಅಪ್ಪನ ಜೇಬಿನಲ್ಲಿ.

2021ರ ದೀಪಾವಳಿ ಮುಗಿದ ವಾರ ಒಬ್ಬ ಹೆಂಗಸು ಮನೆಗೆ ಬಂದಳು. ತಾಯಿಯ ಕಡೆಯಿಂದ ದೂರದ ಸಂಬಂಧ. ಮಕ್ಕಳು ಅವಳನ್ನು ಚಿಗವ್ವ ಅನ್ನುತ್ತಿದ್ದರು. ಬರುವಾಗ ಚೂಡಾ, ಬೇಸನ್ ಉಂಡಿ ತಂದಿದ್ದಳು. “ಪುಣೆದಾಗ ಗಾರ್ಮೆಂಟ್ಸ್ ಅದ. ತಿಂಗಳಿಗೆ 12 ಸಾವಿರ. ಊಟಾ, ಖೋಲಿ ಎಲ್ಲಾ ಅವರದ. ನಮ್ಮ ಕಡೆ ಹುಡಿಗ್ಯಾರು ನಾಕು ಮಂದಿ ಅದಾರ,” ಅಂದಳು. ಅಪ್ಪನ ಕೈಗೆ 10 ಸಾವಿರ ರೂಪಾಯಿ ಮುಂಗಡ ಇಟ್ಟಳು. ಆ ವಾರದ ಕಂತು, ಹಿಂದಿನ ಎರಡು ಬಾಕಿ ಕಂತು ಅದರಲ್ಲೇ ತೀರಿದವು. ಹುಡುಗಿಗೆ ಆಗ 19 ವರ್ಷ. ಅವಳೇ “ಹೋಗ್ತೀನಿ” ಅಂದಿದ್ದಳು. ಈ ಮಾತು ಮುಂದೆ ಅವಳನ್ನು ಬಹಳ ದಿನ ಕಾಡಿತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಕಳ್ಳಸಾಗಣೆ ಅಂದ ಕೂಡಲೇ ನಮಗೆ ಕಪ್ಪು ಗಾಜಿನ ಗಾಡಿ, ಬಾಯಿಗೆ ಬಟ್ಟೆ ತುರುಕುವವರು ಕಣ್ಣ ಮುಂದೆ ಬರುತ್ತಾರೆ. ಇಲ್ಲಿ ಆದದ್ದೇ ಬೇರೆ. ತಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ತಮ್ಮ ಬ್ಯಾಗ್ ಹೊತ್ತು ಬಸ್ ಸ್ಟ್ಯಾಂಡ್ ತನಕ ಬಂದ. ಮಿರಜ್‌ವರೆಗೆ ಬಸ್ಸು, ಅಲ್ಲಿಂದ ಪುಣೆಗೆ ರೈಲು. ಕಿಟಕಿ ಪಕ್ಕದ ಸೀಟು ಚಿಗವ್ವನೇ ಕೊಡಿಸಿದಳು. ಹೋಗುವ ಖುಷಿಗೆ ಅಂತ ಒಂದು ಹಳೇ ಫೋನೂ ಕೊಟ್ಟಿದ್ದಳು.

ಮೂರನೇ ದಿನ ಸಿಮ್ ಬದಲಿಸಬೇಕು ಅಂತ ಆ ಫೋನನ್ನು ಇಸಿದುಕೊಂಡರು. ತಿರುಗಿ ಕೊಡಲಿಲ್ಲ. ಅವಳನ್ನು ಇಟ್ಟಿದ್ದ ಮನೆಯಲ್ಲಿ ಬೇರೆಯವರ ಫೋನು ಎರಡು ಸಲ ಅವಳ ಕೈಗೆ ಸಿಕ್ಕಿತ್ತಂತೆ. ಆದರೆ ಅಪ್ಪನ ನಂಬರ್ ಅವಳಿಗೆ ಬಾಯಿಪಾಠ ಇರಲಿಲ್ಲ. ‘ಅಪ್ಪಾ’ ಅಂತ ಒತ್ತಿದರೆ ಹೋಗುತ್ತಿತ್ತು, ಅಷ್ಟೇ ಗೊತ್ತು.

ಆ ಮನೆಯೊಳಗೆ ಏನು ನಡೆಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಅದು ಬೇಕಾಗಿಯೂ ಇಲ್ಲ. ಲೆಕ್ಕದ ಮಾತು ಮಾತ್ರ ಹೇಳುತ್ತೇನೆ. ಅಪ್ಪನಿಗೆ ಕೊಟ್ಟ 10 ಸಾವಿರ ಅಲ್ಲಿ 80 ಸಾವಿರ ಆಗಿತ್ತು. ರೈಲಿನ ಟಿಕೆಟ್, ಊಟ, ಬಟ್ಟೆ, ಖೋಲಿ ಬಾಡಿಗೆ ಎಲ್ಲ ಸೇರಿಸಿದ್ದರು. ಚಿಗವ್ವನಿಗೆ ಕೊಟ್ಟ ದಲ್ಲಾಳಿ ದುಡ್ಡನ್ನೂ ಹುಡುಗಿಯ ಸಾಲಕ್ಕೇ ಬರೆದಿದ್ದರು. ತನ್ನನ್ನು ಮಾರಿದ ದುಡ್ಡನ್ನು ತಾನೇ ದುಡಿದು ತೀರಿಸಬೇಕು!

ಲೇಡೋದ ಕಾಗದ

ಸಂಕ್ರಾಂತಿಗೆ ಮಗಳ ಫೋನ್ ಬರಲಿಲ್ಲ ಅಂತ ತಾಯಿ ನನ್ನ ಹತ್ತಿರ ಬಂದದ್ದು 2022ರ ಫೆಬ್ರವರಿಯಲ್ಲಿ. ಅವತ್ತಿನಿಂದ ಇಂಥ ವಿಷಯ ಎಲ್ಲಿ ಸಿಕ್ಕರೂ ಓದತೊಡಗಿದೆ. ಓದುತ್ತ ಓದುತ್ತ ಎರಡನೇ ಮಹಾಯುದ್ಧಕ್ಕೆ ಬಂದು ನಿಂತೆ. ಎಷ್ಟೋ ವರ್ಷ ಆ ಪಾಠ ಮಾಡಿದ್ದೇನೆ. ಹಿಟ್ಲರ್, ಪರ್ಲ್ ಹಾರ್ಬರ್, ಹಿರೋಶಿಮಾ ಎಲ್ಲ ಹೇಳಿದ್ದೇನೆ. ಜಪಾನಿನ ಸೈನ್ಯ ತನ್ನ ಸಿಪಾಯಿಗಳಿಗಾಗಿ ಹೆಂಗಸರನ್ನು ಗುಲಾಮರಾಗಿ ಇಟ್ಟಿತ್ತು ಅನ್ನುವುದನ್ನು ಒಮ್ಮೆಯೂ ಹೇಳಿರಲಿಲ್ಲ.

ಅದು 1930ರ ದಶಕದ ಆರಂಭದಲ್ಲಿ ಶಾಂಘೈಯಲ್ಲಿ ಶುರುವಾಯಿತು. 1937ರ ನಂತರ ಸೈನ್ಯ ಹೋದಲ್ಲೆಲ್ಲ ಹಬ್ಬಿತು. ಕೊರಿಯಾ, ಚೀನಾ, ತೈವಾನ್, ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಹೆಣ್ಣುಮಕ್ಕಳು. ಎಷ್ಟು ಮಂದಿ ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. ಕಡಿಮೆ ಅಂದರೆ 20 ಸಾವಿರ, 2 ಲಕ್ಷದವರೆಗೂ ಲೆಕ್ಕ ಹಾಕಿದವರಿದ್ದಾರೆ. ಅವರನ್ನು ‘ಸಾಂತ್ವನದ ಹೆಂಗಸರು’ ಅಂತ ಕರೆದರು. ಎಂಥ ಹೆಸರು ನೋಡಿ. ನಮ್ಮಲ್ಲಿ ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಇರುವ ಕೇಂದ್ರಕ್ಕೆ ‘ಸಾಂತ್ವನ’ ಅನ್ನುತ್ತೇವೆ. ಅಲ್ಲಿ ಅದೇ ಮಾತನ್ನು ಕಷ್ಟ ಕೊಡುವ ಜಾಗಕ್ಕೆ ಇಟ್ಟಿದ್ದರು.

ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ಸೇನಾ ವರದಿ. 1944ರ ಆಗಸ್ಟ್‌ನಲ್ಲಿ ಬರ್ಮಾದ ಮ್ಯಿತ್‌ಕಿನಾ ಊರು ಬಿದ್ದ ಮೇಲೆ 20 ಕೊರಿಯನ್ ಹೆಂಗಸರು ಅಮೆರಿಕದವರ ಕೈಗೆ ಸಿಕ್ಕರು. ಅವರನ್ನು ವಿಚಾರಿಸಿದ್ದು ನಮ್ಮ ಅಸ್ಸಾಮಿನ ಲೇಡೋದಲ್ಲಿ. ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವುದು, ಬ್ಯಾಂಡೇಜ್ ಸುತ್ತುವುದು, ಇಂಥ ಕೆಲಸ ಅಂದುಕೊಂಡು ಹೊರಟವರು ಅವರು. ಕೆಲವು ನೂರು ಯೆನ್ ಮುಂಗಡ ಕೊಟ್ಟಿದ್ದರು. ಆ ಮುಂಗಡ ತೀರುವ ತನಕ ಬಿಡುಗಡೆ ಇಲ್ಲ. ಊಟ, ಸಾಮಾನಿಗೆ ಅಂತ ಎಷ್ಟೋ ಮಾಲೀಕರು ದುಬಾರಿ ಬೆಲೆ ಹಾಕುತ್ತಿದ್ದರು.

ಮುಂಗಡ, ಕೆಲಸದ ಆಸೆ, ಏರುವ ಲೆಕ್ಕ. ಜಮಖಂಡಿ ಕಡೆಯ ಮನೆಯೊಂದರಲ್ಲಿ ಚೂಡಾ, ಉಂಡಿ ಇಟ್ಟುಕೊಂಡು ಆಡಿದ ಮಾತೂ ಇದೇ ತಾನೇ? ಕೊರಿಯಾದ ಕಿಮ್ ಬೋಕ್ ಡೋಂಗ್ ಅವರನ್ನು 14ನೇ ವಯಸ್ಸಿನಲ್ಲಿ ಸೈನಿಕರ ಬಟ್ಟೆ ಹೊಲಿಯುವ ಕಾರ್ಖಾನೆಗೆ ಅಂತ ಹೇಳಿ ಒಯ್ದಿದ್ದರು. ಗಾರ್ಮೆಂಟ್ಸ್! ಆ ಸಾಲು ಓದಿ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ.

ಲೇಡೋದ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಮೋಸ ಹೋದರು ಅಂತ ಬರೆದ ಅಧಿಕಾರಿಯೇ, ಈ ಹುಡುಗಿಯರು ಓದಿಲ್ಲದವರು, ಹುಡುಗಾಟದವರು, ಸ್ವಾರ್ಥಿಗಳು ಅಂತಲೂ ಬರೆದಿಟ್ಟ. ಬಿಡಿಸಿದವರ ಕಣ್ಣಲ್ಲೂ ತಪ್ಪಿತಸ್ಥರು ಅವರೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಡುಕಾಟ

ತಾಯಿ ಮೊದಲು ಹೋದ ಠಾಣೆಯಲ್ಲಿ ದೂರು ಬರೆದುಕೊಳ್ಳಲಿಲ್ಲ. “ವಯಸ್ಸಿಗೆ ಬಂದಾಕಿ, ಒಪ್ಪಿ ಹೋಗ್ಯಾಳ. ಯಾರ್ ಕೂಡನೋ ಇರಬೇಕ್ ತಗೋ,” ಅಂದು ಕಳಿಸಿದರು. ನಮ್ಮ ಕಡೆ ‘ಪುಣೆಕ ಹೋಗ್ಯಾಳ’ ಅನ್ನುವ ಮಾತಿಗೆ ಹಳೆಯದೊಂದು ಅರ್ಥ ಇದೆ. ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿ ಬಿಟ್ಟ, ಹುಡುಗಿಯರನ್ನು ಪುಣೆ, ಮುಂಬೈ, ಸಾಂಗಲಿಗೆ ಸಾಗಿಸುತ್ತಿದ್ದ ಕಾಲದ ಅರ್ಥ. ದೇವದಾಸಿ ಬಿಡುವುದನ್ನು ನಿಲ್ಲಿಸಲು ರಾಜ್ಯ 1982ರಲ್ಲೇ ಕಾನೂನು ಮಾಡಿದೆ. ಮಾತಿನೊಳಗಿನ ಅರ್ಥ ಇನ್ನೂ ಹೋಗಿಲ್ಲ. ಈ ಹುಡುಗಿಗೂ ದೇವದಾಸಿ ಪದ್ಧತಿಗೂ ಸಂಬಂಧವೇ ಇಲ್ಲ. ಆದರೂ ಆ ಮಾತು ಅವಳ ಬೆನ್ನಿಗೆ ಅಂಟಿತು.

‘ಒಪ್ಪಿ ಹೋದಳು’ ಅನ್ನುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2013ರಲ್ಲಿ ತಿದ್ದಿದ ಐಪಿಸಿ 370ನೇ ಕಲಮು ಅದನ್ನು ಬಿಡಿಸಿ ಹೇಳಿತ್ತು. ಮೋಸದಿಂದ, ಆಸೆ ತೋರಿಸಿ, ಶೋಷಣೆಗಾಗಿ ಒಬ್ಬರನ್ನು ಸಾಗಿಸಿದರೆ ಅದು ಮಾನವ ಕಳ್ಳಸಾಗಣೆ. ಅವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಶಿಕ್ಷೆ 7 ವರ್ಷಕ್ಕೆ ಕಡಿಮೆ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಇದೇ ಮಾತನ್ನು ಹೇಳುತ್ತಿದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲೇ ಬರೆದು ಕಳಿಸಬಹುದು. ನಾವು ಹಾಗೇ ಮಾಡಿದೆವು. ಒಂದು ಹಾಳೆ, ರಿಜಿಸ್ಟರ್ಡ್ ಪೋಸ್ಟ್. ಎಫ್‌ಐಆರ್ ಆಯಿತು.

ಕೈಯಲ್ಲಿದ್ದ ಸುಳಿವು ಒಂದೇ. ನವೆಂಬರ್, ಡಿಸೆಂಬರ್‌ನಲ್ಲಿ ಅಪ್ಪನ ಖಾತೆಗೆ ಎರಡು ಸಲ 3 ಸಾವಿರ ರೂಪಾಯಿ ಬಂದಿತ್ತು. ಮನೆಯವರು ಸಂಬಳ ಅಂದುಕೊಂಡಿದ್ದರು. ಬಾಯಿ ಮುಚ್ಚಿಸಲು ಕಳಿಸಿದ ದುಡ್ಡು ಅದು. ಯಾವ ನಂಬರಿನಿಂದ ಬಂತು ಅನ್ನುವುದೇ ದಾರಿ ತೋರಿಸಿತು. 2022ರ ಜುಲೈಯಲ್ಲಿ ಮಹಾರಾಷ್ಟ್ರದ ಪೊಲೀಸರು ಆ ಮನೆಯಿಂದ ಆರು ಮಂದಿಯನ್ನು ಹೊರತಂದರು. ಅವರಲ್ಲಿ ಇವಳೂ ಒಬ್ಬಳು.

17 ಸಲ

ಇಲ್ಲಿಗೆ ಪ್ರಕರಣ ಮುಗಿಯಿತು ಅಂತ ಕಾಗದದಲ್ಲಿ ಬರೆಯುತ್ತಾರೆ. ನಿಜವಾದ ಕಷ್ಟ ಶುರುವಾಗಿದ್ದೇ ಇಲ್ಲಿಂದ.

ಆಶ್ರಯ ಮನೆಯಲ್ಲಿ ಅವಳನ್ನು ನಾಲ್ಕು ತಿಂಗಳು ಇಟ್ಟರು. ದೊಡ್ಡವಳಾದ ಹೆಣ್ಣನ್ನು ಅವಳ ಮನಸ್ಸಿಗೆ ವಿರುದ್ಧವಾಗಿ ಇಂಥ ಮನೆಗಳಲ್ಲಿ ಕೂಡಿಹಾಕಬಾರದು ಅಂತ ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ 19ರಂದು ಹೇಳಿತ್ತು. ಅವಳಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಕೇಳಲೂ ಇಲ್ಲ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಯಾಕೆ ಹೋದೆ?” ಪೊಲೀಸರು, ಡಾಕ್ಟರು, ಮನೆ ತನಿಖೆಗೆ ಬಂದವರು, ಸೋದರತ್ತೆ, ಸೋದರಮಾವ, ಪಂಚಾಯ್ತಿಯವರು. ಅವಳು ಎಣಿಸಿಟ್ಟಿದ್ದಳು. “17 ಮಂದಿ ಕೇಳ್ಯಾರ್ರೀ ಟೀಚರ್. ಕನ್ನಡದಾಗ, ಮರಾಠ್ಯಾಗ, ಹಿಂದ್ಯಾಗ. ಯಾರ್ ಕರ್ಕೊಂಡ್ ಹೋದ್ರು ಅಂತ ಮೊದಲ ಕೇಳಿದಾರು ಒಬ್ಬರ.”

ನಮ್ಮ ದೇಶದಲ್ಲಿ ಇದು ಹಳೆಯ ಕಾಯಿಲೆ. ದೇಶ ಒಡೆದಾಗ ಅಪಹರಣಕ್ಕೆ ಸಿಕ್ಕಿದ ಸಾವಿರಾರು ಹೆಂಗಸರನ್ನು ಹುಡುಕಿ ತರಲು 1949ರಲ್ಲಿ ಕಾನೂನೇ ಮಾಡಿದರು. ಆದರೆ ಯಾವ ಕಡೆ ಇರುತ್ತೀಯಮ್ಮಾ ಅಂತ ಅವರನ್ನು ಕೇಳುವ ಜಾಗ ಆ ಕಾನೂನಿನಲ್ಲಿ ಇರಲಿಲ್ಲ. 1971ರ ಯುದ್ಧದಲ್ಲಿ ನೊಂದ ಹೆಂಗಸರಿಗೆ ಬಾಂಗ್ಲಾದೇಶ ‘ಬೀರಾಂಗನಾ’, ಅಂದರೆ ವೀರಾಂಗನೆ, ಅಂತ ಗೌರವದ ಹೆಸರು ಕೊಟ್ಟಿತು. ಎಷ್ಟೋ ಮನೆಗಳಲ್ಲಿ ಅದೇ ಹೆಸರು ಬೈಗುಳ ಆಯಿತು. ಅವರನ್ನು ಸ್ವಾತಂತ್ರ್ಯ ಯೋಧರ ಸಾಲಿಗೆ ಸೇರಿಸಲು 2015 ಆಗಬೇಕಾಯಿತು.

ನಮ್ಮ ಹುಡುಗಿ ಊರಿಗೆ ಬಂದಳು. ತಂಗಿಯ ಮದುವೆ ಮಾತು ನಡೆದಿತ್ತು. ಮನೆಯಲ್ಲಿ ಎಲ್ಲರೂ ಕೂಡಿ ಒಂದು ಕಥೆ ಕಟ್ಟಿದರು. “ಗಾರ್ಮೆಂಟ್ಸ್‌ನ್ಯಾಗ ಇದ್ಲು, ಆರಾಮಿಲ್ಲಂತ ಬಂದಾಳ.” ನೋಡಿ, ದಲ್ಲಾಳಿ ಹೇಳಿದ ಸುಳ್ಳನ್ನೇ ಈಗ ಮನೆಯವರು ಊರಿಗೆ ಹೇಳಬೇಕಾಯಿತು. ಸುಳ್ಳನ್ನು ಕಾಯುವ ಕೆಲಸ ಹುಡುಗಿಯ ಪಾಲಿಗೆ ಬಂತು. ಚಿಗವ್ವ ಮಾತ್ರ ಆರಾಮಾಗಿದ್ದಳು. ಹುಡುಗಿ ಬಾಯಿ ಬಿಡದಿದ್ದರೆ ಅವಳ ಮೇಲೆ ಸಾಕ್ಷಿ ಎಲ್ಲಿದೆ? ಊರ ಜಾತ್ರೆಯಲ್ಲಿ ತೇರಿನ ಮುಂದೆ ನಿಂತು ಉತ್ತತ್ತಿ ಎಸೆದಳು. ಹುಡುಗಿ ಮಾಳಿಗೆ ಮೇಲಿಂದ ಅದನ್ನು ನೋಡಿದಳು.

ಪುನರ್ವಸತಿ ಅಂತ ಒಂದು ಸಂಸ್ಥೆಯವರು ಹೊಲಿಗೆ ಯಂತ್ರ ತಂದುಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಆದರೆ ಬಟ್ಟೆ ಹೊಲಿಯುವ ಕೆಲಸ ಅಂತ ಹೇಳಿ ಮಾರಿಬಿಟ್ಟ ಹುಡುಗಿಗೆ ಹೊಲಿಗೆ ಯಂತ್ರ! ಅವಳು ಅದನ್ನು ಮುಟ್ಟಲೇ ಇಲ್ಲ. ಏನು ಬೇಕು ಅಂತ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಅವಳಿಗೆ ಪಿಯುಸಿ ಪರೀಕ್ಷೆ ಕಟ್ಟಬೇಕಿತ್ತು.

ಕಲ್ಲು

ಆ ಊರಿನ ಹನುಮಪ್ಪನ ಗುಡಿ ಹಿಂದೆ ಎರಡು ಹಳೆಯ ಕಲ್ಲುಗಳಿವೆ. ಒಂದು ವೀರಗಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಇನ್ನೊಂದು ಮಾಸ್ತಿಗಲ್ಲು, ಬಳೆ ತೊಟ್ಟ ಕೈ ಮೇಲೆತ್ತಿರುವುದು. ಹಳಗನ್ನಡ ಶಾಸನಗಳಲ್ಲಿ ‘ಪೆಣ್ಬುಯ್ಯಲ್’ ಅನ್ನುವ ಮಾತು ಬರುತ್ತದೆ. ಹೆಣ್ಣಿನ ಕೂಗು ಅಂತ ಅರ್ಥ. ವೈರಿಗಳು ಊರಿಗೆ ನುಗ್ಗಿ ಹೆಂಗಸರ ಮೇಲೆ ಕೈ ಮಾಡಿದಾಗ ಆ ಕೂಗು ಕೇಳಿ ಓಡಿಹೋಗಿ ಸತ್ತವನಿಗೆ ಕಲ್ಲು ನೆಡುತ್ತಿದ್ದರು. ಇದನ್ನು ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಹೆಣ್ಣಿನ ಕೂಗಿಗೆ ಜೀವ ಕೊಟ್ಟವರನ್ನು ನೆನೆಯುವುದು ಸಣ್ಣ ಮಾತಲ್ಲ.

ಆದರೆ ಈ ಹುಡುಗಿ ತಿರುಗಿ ಬಂದ ಮೇಲೆ ಆ ಕಲ್ಲುಗಳ ಮುಂದೆ ನಿಂತಾಗ ನನಗೆ ಬೇರೆಯದೇ ಒಂದು ಯೋಚನೆ ಬಂತು. ಕೂಗಿಗೆ ಓಡಿದ ಗಂಡಸಿಗೆ ಕಲ್ಲಿದೆ. ಗಂಡನ ಜೊತೆ ಚಿತೆ ಏರಿದ ಹೆಣ್ಣಿಗೆ ಕಲ್ಲಿದೆ. ಕೂಗಿದವಳಿಗೆ ಎಲ್ಲಿದೆ? ಅವಳನ್ನು ಎಳೆದೊಯ್ದರು, ಅವಳು ಬದುಕಿದಳು, ಎಂದೋ ಒಂದು ದಿನ ನಡೆದುಕೊಂಡು ಊರಿಗೆ ಬಂದಳು. ಅವಳಿಗೆ ನೆಟ್ಟ ಕಲ್ಲನ್ನು ನಾನು ಎಲ್ಲೂ ನೋಡಿಲ್ಲ.

ಅಂಥ ಕಲ್ಲನ್ನು ನೆಟ್ಟವರು ಕೊರಿಯಾದ ಅಜ್ಜಿಯರು. ಕಿಮ್ ಹಾಕ್ ಸುನ್ 17ನೇ ವಯಸ್ಸಿನಲ್ಲಿ ಸೈನಿಕರ ಕೈಗೆ ಸಿಕ್ಕವರು. ಯುದ್ಧ ಮುಗಿದು 46 ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಇದರಲ್ಲಿ ಸೈನ್ಯದ ಪಾತ್ರವೇ ಇಲ್ಲ ಅಂತ 1990ರಲ್ಲಿ ಜಪಾನ್ ಸರ್ಕಾರ ಹೇಳಿದಾಗ ತಡೆಯಲಾಗಲಿಲ್ಲ. 1991ರ ಆಗಸ್ಟ್ 14ರಂದು, 66ನೇ ವಯಸ್ಸಿನಲ್ಲಿ, ತಮ್ಮ ಹೆಸರು ಹೇಳಿಕೊಂಡು ಎಲ್ಲರೆದುರು ಮಾತಾಡಿದರು. ಅವರ ಹಿಂದೆಯೇ ಬೇರೆ ಬೇರೆ ದೇಶಗಳ ಹೆಂಗಸರು ಬಾಯಿ ಬಿಟ್ಟರು. 1992ರ ಜನವರಿ 8ರಿಂದ ಸೋಲ್ ನಗರದ ಜಪಾನ್ ರಾಯಭಾರ ಕಚೇರಿ ಮುಂದೆ ಬುಧವಾರ ಬುಧವಾರ ಪ್ರತಿಭಟನೆ ನಡೆಯಿತು. 1993ರ ಆಗಸ್ಟ್‌ನಲ್ಲಿ ಸೈನ್ಯದ ಕೈ ಇತ್ತು ಅಂತ ಜಪಾನ್ ಒಪ್ಪಿಕೊಂಡಿತು.

1000ನೇ ಬುಧವಾರ, 2011ರ ಡಿಸೆಂಬರ್ 14ರಂದು, ಅಲ್ಲಿ ಒಂದು ಕಂಚಿನ ಹುಡುಗಿಯನ್ನು ಕೂರಿಸಿದರು. ಕುರ್ಚಿಯ ಮೇಲೆ ಕೂತ ಸಣ್ಣ ಹುಡುಗಿ, ಹೆಗಲ ಮೇಲೆ ಒಂದು ಹಕ್ಕಿ. ಪಕ್ಕದಲ್ಲಿ ಖಾಲಿ ಕುರ್ಚಿ, ಯಾರು ಬೇಕಾದರೂ ಬಂದು ಕೂರಬಹುದು. ಹುಡುಗಿಯ ನೆರಳು ಮಾತ್ರ ಮುದುಕಿಯದು. ಕಾಲಲ್ಲಿ ಚಪ್ಪಲಿ ಇಲ್ಲ, ಹಿಮ್ಮಡಿ ನೆಲಕ್ಕೆ ತಾಗಿಲ್ಲ. ತಿರುಗಿ ಬಂದ ಮೇಲೂ ಸ್ವಂತ ನೆಲದ ಮೇಲೆ ನೆಮ್ಮದಿಯಿಂದ ಕಾಲೂರಲು ಆಗಲಿಲ್ಲ ಅಂತ ಅದರ ಅರ್ಥ. ನಮ್ಮ ಹುಡುಗಿ ಮಾಳಿಗೆ ಮೇಲೆ ಹೇಗೆ ನಿಂತಿರುತ್ತಿದ್ದಳು ಅಂತ ನಾನು ನೋಡಿದ್ದೇನೆ. ಯಾರಾದರೂ ಬಂದರೆ ಒಳಗೆ ಓಡಲು ತಯಾರಾಗಿ, ತುದಿಗಾಲಲ್ಲಿ.

ಆ ಅಜ್ಜಿಯರು ತಮ್ಮ ನ್ಯಾಯವನ್ನು ಮಾತ್ರ ಕೇಳಿ ಸುಮ್ಮನಾಗಲಿಲ್ಲ. 2012ರ ಮಹಿಳಾ ದಿನದಂದು ಕಿಮ್ ಬೋಕ್ ಡೋಂಗ್ ಮತ್ತು ಗಿಲ್ ವೊನ್ ಓಕ್ ಸೇರಿ ‘ಚಿಟ್ಟೆ ನಿಧಿ’ ಶುರು ಮಾಡಿದರು. ಕಾಂಗೋದಂಥ ಕಡೆ ಈಗ ಯುದ್ಧದಲ್ಲಿ ನೊಂದ ಹೆಂಗಸರಿಗೆ ಆ ದುಡ್ಡು. ನಮ್ಮ ಕಡೆಯೂ ಇಂಥವರಿಲ್ಲ ಅಂತಲ್ಲ. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಿಗೆ ಸಣ್ಣವರಿದ್ದಾಗಲೇ ಮುತ್ತು ಕಟ್ಟಿದ್ದರು. ಅವರು ತಮ್ಮಂಥ ಹೆಂಗಸರನ್ನೇ ಕೂಡಿಸಿಕೊಂಡು ದೇವದಾಸಿ ಪದ್ಧತಿಯ ವಿರುದ್ಧ ನಿಂತರು. 2018ರಲ್ಲಿ ಪದ್ಮಶ್ರೀ ಬಂತು. ಅವರು ತಮ್ಮ ಹೆಸರು ಮುಚ್ಚಿಕೊಂಡಿಲ್ಲ.

ಇದನ್ನೆಲ್ಲ ನಾನು ಹುಡುಗಿಗೆ ಒಂದೇ ಸಲ ಹೇಳಲಿಲ್ಲ. ಪಿಯುಸಿ ಇತಿಹಾಸ ಓದಿಸುವ ನೆಪದಲ್ಲಿ ಭಾನುವಾರ ಭಾನುವಾರ ಒಂದಿಷ್ಟು. ಮಾತಾಡು ಅಂತ ಒತ್ತಾಯವನ್ನೂ ಮಾಡಲಿಲ್ಲ. ಮಾತಾಡುವುದು, ಬಿಡುವುದು ಅವಳಿಗೆ ಸೇರಿದ್ದು. ಕಂಚಿನ ಹುಡುಗಿಯ ಫೋಟೊ ಮಾತ್ರ ತನ್ನ ಪುಸ್ತಕದಲ್ಲಿ ಇಟ್ಟುಕೊಂಡಳು.

ಪಕ್ಕದ ಓಣಿ

2023ರ ಬೇಸಿಗೆಯಲ್ಲಿ ಚಿಗವ್ವ ಪಕ್ಕದ ಓಣಿಯ ಒಂದು ಮನೆಗೆ ಬಂದಳು. ಅಲ್ಲೊಬ್ಬ 16 ವರ್ಷದ ಹುಡುಗಿ, ಆಗಷ್ಟೇ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ಈ ಸಲವೂ ಕೈಯಲ್ಲಿ ಚೂಡಾ, ಉಂಡಿ.

ಸುದ್ದಿ ಕೇಳಿದ ನಮ್ಮ ಹುಡುಗಿ ಮಧ್ಯಾಹ್ನದ ಬಿಸಿಲಲ್ಲಿ ಆ ಮನೆಗೆ ಹೋದಳು. ಆ ತಾಯಿಯ ಮುಂದೆ ಕೂತು ಎಲ್ಲ ಹೇಳಿದಳು. ಮುಂಗಡದಿಂದ ಹಿಡಿದು 80 ಸಾವಿರದ ತನಕ. ಮನೆಯವರು ಕಟ್ಟಿದ ಕಥೆ ಅವತ್ತು ಮುರಿಯಿತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವನೇ ಮಗಳ ಜೊತೆ ಜಿಲ್ಲಾ ಪೊಲೀಸ್ ಕಚೇರಿಗೆ ಹೋದ. ಮ್ಯಾಜಿಸ್ಟ್ರೇಟರ ಮುಂದೆ ಆಗಿನ ಅಪರಾಧ ಪ್ರಕ್ರಿಯಾ ಸಂಹಿತೆಯ 164ನೇ ಕಲಮಿನಡಿ ಅವಳು ಹೇಳಿಕೆ ಕೊಟ್ಟಳು. ಒಳಗೆ ಅಪ್ಪನನ್ನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಒಬ್ಬಳೇ ಒಂದೂವರೆ ತಾಸು ಮಾತಾಡಿ ಬಂದಳು. ಚಿಗವ್ವ ಅರೆಸ್ಟ್ ಆದಳು, ಆಮೇಲೆ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆದಿದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹಾಕಿದ ಅರ್ಜಿಯಿಂದ ಪರಿಹಾರದ ಒಂದು ಭಾಗ ಬಂದಿದೆ. ತಂಗಿಯ ಮದುವೆ ಮಾತು ಮುರಿದು ಬಿತ್ತು. ಇದನ್ನು ಮುಚ್ಚಿಡುವುದಿಲ್ಲ. ಮಾತಾಡಿದ್ದಕ್ಕೆ ಬೆಲೆ ಕೊಟ್ಟವಳು ಅವಳೊಬ್ಬಳೇ ಅಲ್ಲ.

ಪಕ್ಕದ ಓಣಿಯ ಹುಡುಗಿ ಈಗ ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ.

ನನಗೆ ವಿಜಯಪುರ ಜಿಲ್ಲೆಯ ಶಾಲೆಗೆ ವರ್ಗ ಆಗಿದೆ. ಇಲ್ಲಿ ನಮ್ಮ ಹುಡುಗಿಯನ್ನು ಯಾರೂ ಅರಿಯರು. ಜುಲೈ 30 ಮಾನವ ಕಳ್ಳಸಾಗಣೆ ವಿರುದ್ಧದ ದಿನ. ಆ ವಾರ ಹತ್ತನೇ ತರಗತಿಗೆ ಮಹಾಯುದ್ಧದ ಪಾಠ ಮಾಡುವಾಗ ಕೊರಿಯಾದ ಅಜ್ಜಿಯರ ಕಥೆ ಹೇಳಿದೆ. ಮರುದಿನ ಅವಳನ್ನು ನನ್ನ ಹಳೆಯ ವಿದ್ಯಾರ್ಥಿನಿ ಅಂತ ಪರಿಚಯಿಸಿದೆ. ತನ್ನ ಬಗ್ಗೆ ಅವಳು ಏನೂ ಹೇಳಲಿಲ್ಲ. ದಲ್ಲಾಳಿಗಳು ಹೇಗೆ ಮಾತಾಡುತ್ತಾರೆ, ಏನು ತರುತ್ತಾರೆ, ಎಷ್ಟು ಮುಂಗಡ ಕೊಡುತ್ತಾರೆ ಅಂತ ಹೇಳಿದಳು. 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಅಂತ ಬೋರ್ಡಿನ ಮೇಲೆ ಬರೆದಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅಕ್ಕಾ, ಫೋನ ಕಸ್ಕೊಂಡ್ರ ಏನ್ ಮಾಡ್ಬೇಕ್ರೀ?” ಅಂದಳು.

“ಯಾರದರ ಫೋನ್ ಸಿಕ್ಕ ಸಿಗತೈತಿ. ಮನಿ ನಂಬರ್ ಬಾಯಿಪಾಠ ಐತೇನ ನಿನಗ?” ಅಂತ ಕೇಳಿದಳು.

ಆ ಹುಡುಗಿಗೆ ಬರಲಿಲ್ಲ. ಅಲ್ಲಿಂದ ಶುರುವಾಯಿತು. 43 ಮಕ್ಕಳೂ ಒಬ್ಬೊಬ್ಬರಾಗಿ ಎದ್ದು ನಿಂತು ಮನೆಯ ನಂಬರ್ ಹೇಳಬೇಕು. ಅವಳು ನನ್ನ ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕ ನೋಡಿ ಒಂದೊಂದೇ ಹೆಸರು ಕರೆದಳು. ಗಂಡುಮಕ್ಕಳನ್ನೂ ಬಿಡಲಿಲ್ಲ. 19 ಮಂದಿಗೆ ಬರಲಿಲ್ಲ. ಅವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟು, ಮೂರು ಗಂಟೆಯ ಬಸ್ಸಿಗೆ ಹೊರಟಳು. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ನಾನು ಆ ಚೀಟಿ ತೆಗೆದೆ.